ಹಿಂದಕ್ಕೆ ಚಾಚಿದ ಕೈ

ಈಗ ಅಲ್ಲಿಗೆ ಹೋದರೆ ನಿಮಗೆ ಆಶ್ರಮವೂ ಸಿಗುವುದಿಲ್ಲ, ಮೆಟ್ಟಿಲೂ ಸಿಗುವುದಿಲ್ಲ. ಹೊಳೆ ಮಾತ್ರ ಇದೆ. ಅದೂ ತನ್ನ ಜಾಗ ಒಂದಿಷ್ಟು ಬದಲಾಯಿಸಿಕೊಂಡಿದೆ.

ಆಗ ಹಾಗಿರಲಿಲ್ಲ. ಹುಣಸೆ ತೋಪಿನ ಕೊನೆಯಲ್ಲಿ ಹುಲ್ಲು ಹೊದಿಸಿದ ಒಂದು ಪಡಸಾಲೆ, ಪಡಸಾಲೆಯ ಮುಂದೆ ಒಂದು ಆಲದ ಮರ, ಮರದ ಬುಡದಿಂದ ನೀರಿನವರೆಗೆ ಕಲ್ಲಿನ ಮೆಟ್ಟಿಲು. ಶಿವಯೋಗಯ್ಯನವರ ಆಶ್ರಮ ಅಂದರೆ ಇಷ್ಟೇ. ಊರವರು ಅವರನ್ನು ಅಯ್ಯನವರು ಎನ್ನುತ್ತಿದ್ದರು. ಎದುರಿಗೆ ನಿಂತು ಮಾತಾಡುವಾಗ ಬುದ್ಧಿ ಎನ್ನುತ್ತಿದ್ದರು.

ಆಶ್ರಮದಲ್ಲಿ ವಿಗ್ರಹ ಇರಲಿಲ್ಲ. ಪಟ ಇರಲಿಲ್ಲ. ಬಾರಿಸೋಣ ಅಂದರೆ ಒಂದು ಗಂಟೆಯೂ ಇರಲಿಲ್ಲ.

ಇದ್ದದ್ದು ಒಳಪೂಜೆ. ಬೆಳಿಗ್ಗೆ ಹೊಳೆಯಲ್ಲಿ ಮಿಂದು ಬಂದು ಕಣ್ಣು ಮುಚ್ಚಿ ಕೂರಬೇಕು. ಮನಸ್ಸಿನಲ್ಲೇ ದೀಪ ಹಚ್ಚಬೇಕು, ಮನಸ್ಸಿನಲ್ಲೇ ನೀರೆರೆಯಬೇಕು, ಮನಸ್ಸಿನಲ್ಲೇ ಗಿಡದಿಂದ ಹೂ ಕಿತ್ತು ತಂದು ಏರಿಸಬೇಕು. ತೊಟ್ಟಿನ ಹಾಲು ಬೆರಳಿಗೆ ಅಂಟಿದ್ದು ಗೊತ್ತಾಗುವಷ್ಟು ನಿಚ್ಚಳವಾಗಿ ಮಾಡಬೇಕು. ಹೊಸಬರಿಗೆ ದೀಪ ಹಚ್ಚುವಷ್ಟರಲ್ಲಿ ತೂಕಡಿಕೆ ಬರುತ್ತಿತ್ತು. ಹಳಬರಲ್ಲಿ ಬೆಳ್ಳಯ್ಯ ಎಂಬೊಬ್ಬರಿದ್ದರು, ಅವರಿಗೆ ಬತ್ತಿ ಸುಟ್ಟ ವಾಸನೆಯೂ ಬರುತ್ತದಂತೆ. ಅದನ್ನು ದಿನವೂ ಎಲ್ಲರಿಗೂ ಹೇಳುತ್ತಿದ್ದರು. ಅಯ್ಯನವರು ಮಾತ್ರ ದೇವರ ಜಾಗದಲ್ಲಿ ತೀರಿಹೋದ ತಮ್ಮ ಗುರುಗಳನ್ನೇ ನಿಲ್ಲಿಸಿಕೊಳ್ಳುತ್ತಾರೆ ಎಂಬ ಮಾತಿತ್ತು.

ರಾಚಪ್ಪ ಅಲ್ಲಿಗೆ ಬಂದದ್ದು ಅವನ ಅವ್ವ ತೀರಿಕೊಂಡ ಮೇಲೆ. ಮದುವೆಯಾಗಿರಲಿಲ್ಲ. ಅವ್ವನನ್ನು ನೋಡಿಕೊಳ್ಳುವುದರಲ್ಲೇ ವಯಸ್ಸು ಮೂವತ್ತು ದಾಟಿತ್ತು.

"ಏನು ಕಲಿಯೋಕೆ ಬಂದೆ ಮಗ?" ಎಂದು ಅಯ್ಯನವರು ಕೇಳಿದ್ದರು.

"ಕಲಿಯೋಕೆ ಅಂತ ಬರಲಿಲ್ಲ ಬುದ್ಧಿ. ಇನ್ನು ಯಾರನ್ನ ನೋಡ್ಕೊಳ್ಳಲಿ ಅಂತ ಗೊತ್ತಾಗಲಿಲ್ಲ. ಬಂದೆ."

"ಒಳ್ಳೇದಾಯ್ತು. ಇಲ್ಲಿ ಸೌದೆ ಒಡೆಯೋರಿಲ್ಲ."

ಅಷ್ಟೇ ಮಾತು. ಅವತ್ತಿನಿಂದ ಅವನು ಅಲ್ಲಿಯವನಾದ.

ಅಡುಗೆಮನೆ ಚಿಕ್ಕತಾಯಮ್ಮನದು. ಅಯ್ಯನವರಿಗಿಂತ ಒಂದೆರಡು ವರ್ಷ ಚಿಕ್ಕವಳು, ಬಾಯಿ ಮಾತ್ರ ಎಲ್ಲರಿಗಿಂತ ದೊಡ್ಡದು. ಅವಳು ನೀರಿಗೆ ಬಂದಾಗೆಲ್ಲ ರಾಚಪ್ಪ ಮೆಟ್ಟಿಲು ಇಳಿಯುವುದನ್ನು ನೋಡಿ ನಗುತ್ತಿದ್ದಳು.

"ಏನ್ ರಾಚಪ್ಪ, ಮದುವೆ ಹೆಣ್ಣಿನ ಥರ ಇಳೀತೀಯಲ್ಲೋ! ಒಂದೊಂದು ಮೆಟ್ಟಿಲಿಗೂ ನಿಂತು ನಿಂತು. ಎಡಗೈ ಬೇರೆ ಹಿಂದಕ್ಕೆ ಚಾಚ್ಕೊಂಡು. ಯಾವ ಕರು ಎಳ್ಕೊಂಡು ಹೋಗ್ತಿದ್ದೀಯ?"

ರಾಚಪ್ಪನಿಗೆ ನಾಚಿಕೆಯಾಗುತ್ತಿತ್ತು. ಅವನು ಕೈಯನ್ನು ಉಟ್ಟ ಪಂಚೆಗೆ ಒರೆಸಿಕೊಂಡು ಮುಂದಕ್ಕೆ ತಂದುಕೊಳ್ಳುತ್ತಿದ್ದ. ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಅದು ಮತ್ತೆ ಹಿಂದಕ್ಕೆ ಹೋಗಿರುತ್ತಿತ್ತು.

ಅಯ್ಯನವರು ಆಲದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು.

ಆ ಬೆಂಚಿನ ವಿಷಯವನ್ನೂ ಹೇಳಿಬಿಡುತ್ತೇನೆ. ಮೂವರು ಆರಾಮಾಗಿ ಕೂರುವಷ್ಟು ಉದ್ದದ ಕಲ್ಲು ಅದು. ಅಯ್ಯನವರು ಮಾತ್ರ ಅದರ ಬಲಗಡೆಯ ತುದಿಯಲ್ಲಿ, ಇನ್ನೇನು ಜಾರುತ್ತಾರೆ ಅನ್ನುವ ಹಾಗೆ ಕೂರುತ್ತಿದ್ದರು. ಮಿಕ್ಕದ್ದು ಖಾಲಿ. ಎಂಥ ದೊಡ್ಡ ಮನುಷ್ಯ ಬಂದರೂ ಅಲ್ಲಿ ಕೂರಿಸುತ್ತಿರಲಿಲ್ಲ. ಅದು ಅವರ ವಿನಯ ಎಂದು ಬೆಳ್ಳಯ್ಯ ಎಲ್ಲರಿಗೂ ವಿವರಿಸುತ್ತಿದ್ದರು.

ಒಂದು ದಿನ ಅದೇ ಬೆಂಚಿನಿಂದ ಅಯ್ಯನವರು ಎಲ್ಲರನ್ನೂ ಕರೆದರು.

"ಕಣ್ಣು ಮುಚ್ಚಿ. ಈ ಆಲದ ಮರ ಕಾಣ್ತಿದೆಯಾ?"

"ಕಾಣ್ತಿದೆ ಬುದ್ಧಿ," ಎಂದರು ಬೆಳ್ಳಯ್ಯ. "ಎಲೆ ಎಲೆಯೂ ಕಾಣ್ತಿದೆ."

"ಭೇಷ್. ಕೆಳಗಿನ ದೊಡ್ಡ ಕೊಂಬೆ ಯಾವ ಕಡೆ ಬಾಗಿದೆ?"

ಬೆಳ್ಳಯ್ಯ ಹೊಳೆಯ ಕಡೆ ಎಂದರು. ಚಿಕ್ಕತಾಯಮ್ಮ ಅಡುಗೆಮನೆಯ ಕಡೆ ಎಂದಳು. ರಾಚಪ್ಪ ಯೋಚಿಸಿದ, ಕೊನೆಗೆ ಗೊತ್ತಿಲ್ಲ ಎಂದ.

ಕಣ್ಣು ಬಿಟ್ಟು ನೋಡಿದರೆ ಕೊಂಬೆ ತೋಪಿನ ಕಡೆ ಬಾಗಿತ್ತು. ಎಲ್ಲರೂ ಪೆಚ್ಚಾದರು.

"ಇಷ್ಟು ವರ್ಷದಿಂದ ನೆರಳಲ್ಲಿ ಕೂತಿದ್ದೀರಿ," ಎಂದು ಅಯ್ಯನವರು ನಕ್ಕರು. "ಎಲೆ ಎಲೆಯೂ ಕಾಣೋ ಮರದಲ್ಲಿ ಕೊಂಬೆ ಇಲ್ಲ! ಹೋಗಲಿ ಬಿಡಿ. ಪಡಸಾಲೆಯಿಂದ ಇಲ್ಲಿಗೆ ಬರೋವಾಗ ಒಂದು ಬೇರು ಅಡ್ಡ ಇದೆಯಲ್ಲ, ಅದನ್ನ ದಾಟೋಕೆ ಯಾವ ಕಾಲು ಮೊದಲು ಎತ್ತುತ್ತೀರಿ?"

ಯಾರಿಗೂ ಗೊತ್ತಿರಲಿಲ್ಲ.

"ಕತ್ತಲಲ್ಲಿ ಯಾವತ್ತಾದರೂ ಎಡವಿದ್ದೀರಾ?"

ಯಾರೂ ಎಡವಿರಲಿಲ್ಲ.

"ಸರಿ, ಏಳಿ. ಸಾರು ಆರುತ್ತೆ."

ಪಾಠ ಅಷ್ಟಕ್ಕೇ ಮುಗಿಯಿತು. ಅಯ್ಯನವರ ಪಾಠಗಳೇ ಹಾಗೆ, ಉಪ್ಪು ಹಾಕಿ ಹೋಗಿಬಿಡುತ್ತಿದ್ದರು, ಕಲಸಿಕೊಳ್ಳುವುದು ಕೇಳಿದವರ ಪಾಡು.

ಯುಗಾದಿಯ ಹೊತ್ತಿಗೆ ರಾಚಪ್ಪನಿಗೆ ಒಂದು ಭಯ ಹಿಡಿಯಿತು. ಅವ್ವನ ಮುಖ ಮಾಸುತ್ತಿತ್ತು.

ಮೊದಮೊದಲು ಬೇಕೆಂದಾಗ ಬರುತ್ತಿತ್ತು. ಆಮೇಲೆ ಕೆನ್ನೆ ಬಂದರೆ ಮೂಗು ಬರುತ್ತಿರಲಿಲ್ಲ, ಮೂಗು ಬಂದರೆ ಅದು ಸೋದರತ್ತೆಯ ಮೂಗೋ ಅವ್ವನ ಮೂಗೋ ಗೊತ್ತಾಗುತ್ತಿರಲಿಲ್ಲ. ಫೋಟೋ ತೆಗೆಸಿಕೊಳ್ಳುವುದು ಆ ಕಾಲದಲ್ಲಿ ಉಳ್ಳವರ ಮಾತು. ಚೆಲುವಾಜಮ್ಮ ಎಂಬ ಆ ತಾಯಿಯ ಮುಖ ಇದ್ದದ್ದು ಅವನೊಬ್ಬನ ತಲೆಯೊಳಗೆ. ಅಲ್ಲೂ ಹೋದರೆ ಇನ್ನೆಲ್ಲೂ ಇಲ್ಲ.

ಅದೇ ಸಮಯಕ್ಕೆ ಪಕ್ಕದ ಊರಿನ ಗುಡಿಯ ಗೋಡೆಗೆ ಚಿತ್ರ ಬರೆಯಲು ಲಿಂಗಾಚಾರಿ ಎಂಬ ಚಿತ್ರಗಾರ ಬಂದಿದ್ದ. ರಾಚಪ್ಪ ಹೋಗಿ ಅವನ ಮುಂದೆ ನಿಂತ.

"ನಮ್ಮವ್ವನ್ನ ಬರೆದುಕೊಡ್ತೀರಾ?"

"ಎಲ್ಲಿದ್ದಾರೆ? ಕರ್ಕೊಂಡು ಬಾ."

"ಇಲ್ಲ. ಹೇಳ್ತೀನಿ, ಬರೀರಿ."

ಲಿಂಗಾಚಾರಿ ಒಳ್ಳೆಯವನು. ಬೇಸರಿಸಲಿಲ್ಲ. ಕೇಳಿ ಕೇಳಿ ಬರೆದ. ಮುಖ ದುಂಡಗೋ ಉದ್ದವೋ, ಹಣೆ ಅಗಲವೋ ಚಿಕ್ಕದೋ, ಬೈತಲೆ ನಡುವೆಯೋ. ರಾಚಪ್ಪ ನೆನಪಿದ್ದದ್ದನ್ನು ಹೇಳಿದ. ನೆನಪಿಲ್ಲದ ಕಡೆ ಲಿಂಗಾಚಾರಿ ತನಗೆ ತೋಚಿದ್ದು ತುಂಬಿದ. ಕಣ್ಣಿನ ಹತ್ತಿರ ಬಂದಾಗ ರಾಚಪ್ಪ ಬಗ್ಗಿ ಅವನ ಕಿವಿಯಲ್ಲಿ ಒಂದು ಮಾತು ಹೇಳಿದ. ಲಿಂಗಾಚಾರಿ ಹಾಗೇ ಬರೆದ.

ಚಿತ್ರ ಬಹಳ ಚೆನ್ನಾಗಿತ್ತು. ನೋಡಿದವರು ಕೈ ಮುಗಿಯಬೇಕು, ಹಾಗಿತ್ತು.

ರಾಚಪ್ಪ ಅದನ್ನು ಚಾಪೆಯ ಕೆಳಗೆ ಬಚ್ಚಿಟ್ಟುಕೊಂಡ. ಆಶ್ರಮದಲ್ಲಿ ಪಟ ಇಡುವ ಹಾಗಿಲ್ಲವಲ್ಲ! ಬೆಳಿಗ್ಗೆ ಯಾರೂ ಇಲ್ಲದಾಗ ತೆಗೆದು ನೋಡುತ್ತಿದ್ದ. ನೋಡಿ ಹೋಗಿ ಒಳಪೂಜೆಗೆ ಕೂರುತ್ತಿದ್ದ. ದೀಪ ಹಚ್ಚುತ್ತಿರಲಿಲ್ಲ, ಹೂ ಕೀಳುತ್ತಿರಲಿಲ್ಲ. ಅಯ್ಯನವರು ದೇವರನ್ನು ನಿಲ್ಲಿಸುವುದಕ್ಕೆಂದು ಹೇಳಿಕೊಟ್ಟ ರೀತಿಯಲ್ಲೇ ಅವನು ಆ ಚಿತ್ರವನ್ನು ಒಳಗೆ ನಿಲ್ಲಿಸುತ್ತಿದ್ದ. ಮೊದಲು ಪಾದ, ಆಮೇಲೆ ಸೆರಗು, ಆಮೇಲೆ ಮುಖ. ಬಿಡದೆ ಮಾಡಿದ. ಮಳೆಗಾಲ ಬರುವಷ್ಟರಲ್ಲಿ ಅದು ಕಲ್ಲಿನ ಹಾಗೆ ನಿಂತಿತು. ರೆಪ್ಪೆ ಮುಚ್ಚಿದರೆ ಸಾಕು, ಬಂದುಬಿಡುತ್ತಿತ್ತು.

ಅವನಿಗೆ ಖುಷಿಯೋ ಖುಷಿ. ಬೆಳ್ಳಯ್ಯನ ಬತ್ತಿ ವಾಸನೆ ಯಾವ ಮೂಲೆಗೆ!

ಆಮೇಲೆ ಒಂದು ದಿನ ಚಿಕ್ಕತಾಯಮ್ಮ ಹುಚ್ಚೆಳ್ಳು ಹುರಿದು ಚಟ್ನಿ ಅರೆಯುತ್ತಿದ್ದಳು. ಆ ಘಮಕ್ಕೆ ರಾಚಪ್ಪನ ಜೀವವೇ ಹೊರಳಿತು. ಅವ್ವನಿಗೆ ರಾಗಿರೊಟ್ಟಿಯ ಜೊತೆ ಹುಚ್ಚೆಳ್ಳು ಚಟ್ನಿ ಇದ್ದರೆ ಇನ್ನೇನೂ ಬೇಕಿರಲಿಲ್ಲ. ಒಲೆಯ ಮುಂದೆ ಕೂತು, ಬಿಸಿ ರೊಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾರಿಸುತ್ತಾ ತಿನ್ನುತ್ತಿದ್ದ ಅವ್ವ. ಅವನು ಕಣ್ಣು ಮುಚ್ಚಿ ಆ ಒಲೆಯ ಹತ್ತಿರ ಹೋದ.

ಅಲ್ಲಿ ಪಟದವಳು ಕೂತಿದ್ದಳು.

ಬೈತಲೆ ತಿದ್ದಿಕೊಂಡು, ದೊಡ್ಡ ಕಣ್ಣು ಬಿಟ್ಟುಕೊಂಡು, ರೊಟ್ಟಿ ಮುಟ್ಟದೆ, ಅವನನ್ನೇ ನೋಡುತ್ತಾ. ರಾಚಪ್ಪ ಅವಳನ್ನು ಸರಿಸಿ ಹಿಂದೆ ನೋಡಲು ಹೋದ. ಹಿಂದೆ ಯಾರೂ ಇರಲಿಲ್ಲ. ಜ್ವರದಲ್ಲಿ ಹಣೆ ನೇವರಿಸುತ್ತಿದ್ದ ಅವ್ವನ ಜಾಗದಲ್ಲೂ ಅವಳೇ. ಕಾಯಿಲೆಯಲ್ಲಿ ಮಲಗಿದ ಅವ್ವನ ಹಾಸಿಗೆಯಲ್ಲೂ ಅವಳೇ, ತಲೆ ಬಾಚಿಕೊಂಡು ಮಲಗಿದ್ದಳು. ಮಾಸಲಾಗಿಯಾದರೂ ಉಳಿದಿದ್ದ ಅವ್ವನನ್ನು ಅವಳು ಒಂದು ಚೂರೂ ಬಿಡದೆ ನುಂಗಿದ್ದಳು.

ಅವನು ತೋಪಿನೊಳಗೆ ಹೋಗಿ ಅತ್ತ. ತಾಯಿಯನ್ನು ಇನ್ನೊಂದು ಸಲ ಸುಟ್ಟು ಬಂದ ಹಾಗೆ ಅನಿಸಿತು.

ಹಿರಿಯರ ಹಬ್ಬ ಹತ್ತಿರ ಬಂದಿತ್ತು. ಮಹಾಲಯ ಅಮಾವಾಸ್ಯೆಯ ದಿನ ತೀರಿಕೊಂಡವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುತ್ತಾರಲ್ಲ, ಅದು. ಅವ್ವ ಹೋದ ಮೇಲೆ ಅವಳಿಗೆ ಇದೇ ಮೊದಲನೆಯ ಎಡೆ. ರಾಚಪ್ಪನ ಊರಿನ ಕಡೆ ಒಂದು ನಂಬಿಕೆ ಇತ್ತು. ಎಡೆ ಇಟ್ಟವನು ಸತ್ತವರ ಮುಖವನ್ನು ಮನಸ್ಸಿಗೆ ತಂದುಕೊಂಡು ಹೆಸರು ಹಿಡಿದು ಕರೆಯಬೇಕು. ಮುಖ ಬರದಿದ್ದರೆ ಅವರು ಬಾಗಿಲಲ್ಲೇ ನಿಂತು, ಹಸಿದುಕೊಂಡು ವಾಪಸು ಹೋಗುತ್ತಾರೆ. ಇದನ್ನು ಅವನಿಗೆ ಹೇಳಿಕೊಟ್ಟವಳೂ ಅವ್ವನೇ.

ರಾಚಪ್ಪ ಪಟವನ್ನು ತಂದು ಅಯ್ಯನವರ ಪಾದದ ಹತ್ತಿರ ಇಟ್ಟ. ಬೆಂಚಿನ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ.

ಅಯ್ಯನವರು ಪಟ ಎತ್ತಿಕೊಂಡು ದೂರ ಹಿಡಿದು ಹತ್ತಿರ ಹಿಡಿದು ನೋಡಿದರು.

"ಚೆನ್ನಾಗಿ ಬರೆದಿದ್ದಾನೆ. ಕಣ್ಣಂತೂ ಎಷ್ಟು ಚೆನ್ನಾಗಿದೆ! ನಿಮ್ಮವ್ವನ ಕಣ್ಣು ಹೀಗೇ ಇತ್ತಾ?"

ರಾಚಪ್ಪ ತಲೆ ತಗ್ಗಿಸಿದ.

"ಇಲ್ಲ ಬುದ್ಧಿ. ಅವ್ವನಿಗೆ ಕಣ್ಣು ಕಾಣ್ತಿರಲಿಲ್ಲ. ನಾನು ಇನ್ನೂ ಚಿಕ್ಕವನು, ಆಗ ಸಿಡುಬು ಎದ್ದು ಎರಡೂ ಹೋದವು."

"ಇದನ್ನ ನೀನು ಹೇಳೇ ಇರಲಿಲ್ಲವಲ್ಲ."

"ಊರಲ್ಲಿ ಕುರುಡಿ ಮಗ ಅಂತಲೇ ಕರೆಸಿಕೊಂಡೆ ಬುದ್ಧಿ. ಸಾಕಾಗಿತ್ತು. ಇಲ್ಲಿ ಯಾರಿಗೂ ಹೇಳಲಿಲ್ಲ."

"ಮತ್ತೆ ಈ ಕಣ್ಣು?"

"ನಾನೇ ಬರೀರಿ ಅಂದೆ. ಚಿತ್ರದಲ್ಲಾದರೂ ಒಂದ್ಸಲ ನನ್ನ ನೋಡಲಿ ಅಂತ ಆಸೆ ಆಯ್ತು."

ಅಯ್ಯನವರು ಪಟವನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು. "ನೀರಿಗೆ, ಸ್ನಾನಕ್ಕೆ, ಅವಳನ್ನ ಯಾರು ಕರ್ಕೊಂಡು ಹೋಗ್ತಿದ್ರು?"

"ಇನ್ಯಾರು ಬುದ್ಧಿ? ನಾನೇ. ನಮ್ಮೂರ ಹೊಳೆಯಲ್ಲೂ ಹೀಗೇ ಮೆಟ್ಟಿಲು."

ಅಯ್ಯನವರು ರಾಚಪ್ಪನ ಎಡಗೈಯನ್ನು ಒಂದು ಸಲ ನೋಡಿದರು. ಹ್ಞೂಂ ಎಂದರು.

"ಈ ಪಟ ಹೊಳೆಗೆ ಬಿಡು."

ರಾಚಪ್ಪ ಅದನ್ನು ಒಯ್ದು ನೀರಿಗೆ ಬಿಟ್ಟ. ಬಣ್ಣ ನೀರಿನಲ್ಲಿ ಕರಗಿತು, ಕಾಗದ ತೇಲಿಕೊಂಡು ಹೋಯಿತು. ಅವನು ಅಲ್ಲೇ ನಿಂತು ಕಣ್ಣು ಮುಚ್ಚಿ ನೋಡಿದ. ವಾಪಸು ಬರುವಾಗ ಅವನ ಮುಖ ಕೆಂಪಾಗಿತ್ತು.

"ಕಾಗದ ಹೋಯ್ತು ಬುದ್ಧಿ. ಅವಳು ಹೋಗಲಿಲ್ಲ. ಇಲ್ಲೇ ಕೂತಿದ್ದಾಳೆ."

"ಇರಲಿ ಬಿಡು ಪಾಪ. ಇಷ್ಟು ದಿನ ಪೂಜೆ ಮಾಡಿ ಈಗ ಏಳು ಅಂದರೆ ಎಲ್ಲಿಗೆ ಹೋಗ್ತಾಳೆ?"

ಅಷ್ಟು ಕೇಳಿದ್ದೇ ತಡ, ರಾಚಪ್ಪನಿಗೆ ರೇಗಿಹೋಯಿತು. ಗುರುಗಳು ಅನ್ನುವುದನ್ನೂ ಮರೆತ.

"ನಿಮಗೆ ತಮಾಷೆ! ನೀವು ಕಲಿಸಿದ ವಿದ್ಯೆಯಿಂದಲೇ ನಾನು ನಮ್ಮವ್ವನ್ನ ಕಳ್ಕೊಂಡೆ. ಅಮಾವಾಸ್ಯೆ ದಿನ ನಾನು ಕರೆದರೆ ಈ ಪಟದವಳು ಬಂದು ಎಲೆ ಮುಂದೆ ಕೂತ್ಕೊಂಡುಬಿಡ್ತಾಳೆ. ನಮ್ಮವ್ವ ಬಾಗಿಲಲ್ಲೇ ನಿಲ್ತಾಳೆ. ಅವಳಿಗೆ ಕಣ್ಣು ಬೇರೆ ಕಾಣಲ್ಲ. ಕೈ ಹಿಡಿಯೋಕೂ ಯಾರೂ ಇಲ್ಲ. ಹಸ್ಕೊಂಡು ತಡಕಾಡ್ಕೊಂಡು ವಾಪಸು ಹೋಗಬೇಕು. ನಿಮಗೇನು ಗೊತ್ತು? ನಿಮ್ಮ ಗುರುಗಳ ಮುಖ ನಿಮಗೆ ನೆನಪಿದೆ. ದಿನಾ ಒಳಗೆ ನಿಲ್ಲಿಸಿ ಪೂಜೆ ಮಾಡ್ತೀರಿ."

ಪಡಸಾಲೆಯಲ್ಲಿ ಬೆಳ್ಳಯ್ಯ ಎದ್ದು ನಿಂತರು. ಗುರುಗಳೆದುರು ಯಾರೂ ಹೀಗೆ ಕೂಗಿದ್ದಿಲ್ಲ.

"ನಮ್ಮ ಗುರುಗಳ ಮುಖವಾ?" ಎಂದರು ಅಯ್ಯನವರು. "ನನಗೂ ನೆನಪಿಲ್ಲ ಮಗ."

ರಾಚಪ್ಪ ಕಣ್ಣು ಕಣ್ಣು ಬಿಟ್ಟ.

"ಹೋಗಿ ಬಹಳ ಕಾಲವಾಯ್ತು. ಗಡ್ಡ ಇತ್ತು ಅಂತ ಗೊತ್ತು, ಕಾಣಲ್ಲ. ಅವರು ಕೆಮ್ಮುತ್ತಿದ್ದದ್ದು ಕೇಳಿಸುತ್ತೆ. ಮುಖ ಎಲ್ಲೋ ದಾರಿಯಲ್ಲಿ ಬಿದ್ದುಹೋಯ್ತು."

"ಮತ್ತೆ ಪೂಜೆ ಹೇಗೆ ಮಾಡ್ತೀರಿ?"

ಅಯ್ಯನವರು ಬೆಂಚಿನ ತುದಿಯಲ್ಲಿ ಕೂತವರು ಎಡಗಡೆಯ ಖಾಲಿ ಕಲ್ಲಿನ ಮೇಲೆ ಕೈ ಇಟ್ಟರು. ಒಂದು ಎಲೆ ಉದುರಿತ್ತು, ಅದನ್ನು ತೆಗೆದು ಹಾಕಿದರು.

"ಅವರು ಕೂರ್ತಿದ್ದ ಜಾಗ ಇದು. ಆಗ ನಾನು ಈ ತುದಿಯಲ್ಲಿ ಕೂರ್ತಿದ್ದೆ. ಸಂಜೆ ಅವರಿಗೆ ಬೀಸಣಿಗೆ ಬೀಸ್ತಿದ್ದೆ. ಈಗಲೂ ಮಧ್ಯದಲ್ಲಿ ಕೂರೋಣ ಅಂತ ಎಷ್ಟೋ ಸಲ ನೋಡಿದೆ. ಆಗಲ್ಲ. ಒತ್ತುತ್ತೆ."

ಅಷ್ಟು ಹೇಳಿ ಅವರು ಹೊಳೆಯ ಕಡೆ ನೋಡುತ್ತಾ ಕೂತರು. ಅವರಿಗೆ ಅಳು ಬಂದಿತ್ತು. ಅದನ್ನು ಅವರು ಮರೆಮಾಡಲೂ ಇಲ್ಲ.

ರಾಚಪ್ಪನ ಸಿಟ್ಟು ಇಳಿಯಿತು. ತಪ್ಪಾಯ್ತು ಬುದ್ಧಿ ಎಂದ. ಆದರೆ ಅವನ ಭಯ ಇಳಿಯಲಿಲ್ಲ. ಗುರುಗಳಿಗೆ ಒಂದು ಕಲ್ಲಾದರೂ ಇದೆ, ತನಗೆ ಏನಿದೆ ಎಂದುಕೊಂಡು ಎದ್ದು ಹೋದ.

ಅಮಾವಾಸ್ಯೆ ಬಂತು.

ಚಿಕ್ಕತಾಯಮ್ಮ ಬೆಳಗಾಗುವ ಮೊದಲೇ ಎದ್ದು ರಾಗಿರೊಟ್ಟಿ ತಟ್ಟಿದಳು, ಹುಚ್ಚೆಳ್ಳು ಚಟ್ನಿ ಅರೆದಳು, ಕಜ್ಜಾಯ ಕರಿದಳು. ಪಡಸಾಲೆಯ ಒಳಗೆ ಗೋಡೆಗೆ ಮಣೆ ಹಾಕಿ, ಅದರ ಮೇಲೆ ಕಳಶ ಇಟ್ಟು, ಹೊಸ ಸೀರೆ ಮಡಿಸಿ ಇಟ್ಟಳು. ಬಳೆ ಇಟ್ಟಳು. ಮುಂದೆ ಬಾಳೆಲೆ ಹಾಕಿದಳು.

"ಹೋಗು, ಮಿಂದು ಬಾ," ಎಂದಳು ರಾಚಪ್ಪನಿಗೆ. "ನಿಮ್ಮವ್ವನ್ನ ಕಾಯಿಸಬೇಡ."

ರಾಚಪ್ಪ ಟವಲು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಕಡೆ ನಡೆದ. ಹೊಳೆಯ ಮೇಲೆ ಇನ್ನೂ ಹೊಗೆಯಂಥ ಮಂಜು ಇತ್ತು. ಅವನ ಮನಸ್ಸು ಎಲ್ಲೋ ಇತ್ತು. ಮುಖ, ಮುಖ, ಮುಖ ಎಂದು ಹುಡುಕುತ್ತಿತ್ತು. ಪ್ರತಿ ಸಲವೂ ಪಟದವಳೇ ಎದ್ದು ಬರುತ್ತಿದ್ದಳು. ಎರಡು ಮೆಟ್ಟಿಲು ಇಳಿದ.

ಹಿಂದಿನಿಂದ ಯಾರೋ ಅವನ ಎಡಗೈಯೊಳಗೆ ಕೈ ಇಟ್ಟರು.

ಮುದಿ ಕೈ. ತೆಳ್ಳಗಿನ ಚರ್ಮ, ಗಂಟು ಗಂಟು ಬೆರಳು, ತುಸು ನಡುಕ. ಯಾರದು ಎಂದು ಯೋಚಿಸುವ ಮೊದಲೇ ರಾಚಪ್ಪನ ಬೆರಳು ಅದನ್ನು ಮುಚ್ಚಿ ಹಿಡಿದುಕೊಂಡಿತ್ತು. ಹಿಡಿದ ಕೂಡಲೇ ಅವನ ಬಾಯಿ ತಾನಾಗಿ ಮಾತಾಡಿತು.

"ಇದು ಗಟ್ಟಿ ಇದೆ. ಬಾ."

ಒಂದು ಮೆಟ್ಟಿಲು ಇಳಿದ. ಹಿಂದಿನ ಕಾಲೂ ಇಳಿಯಿತು.

"ಇದು ಒಂಚೂರು ವಾಲಿದೆ. ಬಲಗಾಲು ಮೊದಲು."

ಇಳಿದರು.

"ಇಲ್ಲಿ ಮೂಲೆ ಮುರಿದಿದೆ, ಒಳಗಡೆ ಇಡು. ಹ್ಞಾಂ. ಇಲ್ಲಿಂದ ಪಾಚಿ ಕಣವ್ವಾ, ನಿಧಾನ. ಅವಸರ ಇಲ್ಲ."

ಅವ್ವಾ ಎಂದದ್ದು ಅವನ ಕಿವಿಗೇ ಆಮೇಲೆ ಬಿತ್ತು. ಅವನು ಬೆಚ್ಚಿಬಿದ್ದು ತಿರುಗಲು ಹೋದ.

"ತಿರುಗಬೇಡ," ಎಂದರು ಹಿಂದಿನಿಂದ ಅಯ್ಯನವರು. "ನಾನು ಕಣ್ಣು ಮುಚ್ಚಿದ್ದೀನಿ. ಬಿದ್ದೇನು."

ರಾಚಪ್ಪ ತಿರುಗಲಿಲ್ಲ. ಮುಂದಿನ ಮೆಟ್ಟಿಲು ನೋಡಿದ. ಅದಕ್ಕೂ ಮುಂದಿನದನ್ನು ನೋಡಿದ.

ಆಗ ಅವಳು ಬಂದಳು. ಸೀಗೆಪುಡಿಯ ವಾಸನೆ ಬಂತು. ತೋಳಿಗೆ ಬಳೆ ತಾಗಿದ್ದು ಬಂತು. ಕಾಲು ಸೋತ ಕಡೆ ಅವನ ಮೇಲೆ ಬೀಳುತ್ತಿದ್ದ ಆ ಹಗುರ ಭಾರ ಬಂತು. ನೀರು ತಣ್ಣಗಿದೆಯೇನೋ ಎಂದು ಅವಳು ದಿನವೂ ಕೇಳುತ್ತಿದ್ದದ್ದು, ಇಲ್ಲವ್ವ ಬೆಚ್ಚಗಿದೆ ಎಂದು ಅವನು ದಿನವೂ ಸುಳ್ಳು ಹೇಳುತ್ತಿದ್ದದ್ದು, ಕಾಲಿಟ್ಟೊಡನೆ "ಅಯ್ಯೋ ಕಳ್ಳ ನನ್ಮಗನೇ!" ಎಂದು ಅವಳು ಕಿರುಚಿ ನಗುತ್ತಿದ್ದದ್ದು, ಬಟ್ಟೆ ಒಗೆಯುವವರೆಲ್ಲ ತಿರುಗಿ ನೋಡುತ್ತಿದ್ದದ್ದು. ಅವನು ಚಿಕ್ಕವನಿದ್ದಾಗ ಆ ಕೈ ಅವನ ಹೆಗಲ ಮೇಲಿತ್ತು. ಅವನು ಬೆಳೆದಂತೆಲ್ಲ ಅದು ಇಳಿದು ಅಂಗೈಗೆ ಬಂದಿತ್ತು. ಎಷ್ಟು ಬೆಳಗು! ಎಷ್ಟು ಚಳಿ, ಎಷ್ಟು ಬಿಸಿಲು! ಆಗ ಅದು ಬೇಸರದ ಕೆಲಸ ಅನಿಸುತ್ತಿತ್ತು. ಒಂದು ಬೆಳಗು, ಒಂದೇ ಒಂದು ಬೆಳಗು ವಾಪಸು ಸಿಕ್ಕಿದರೆ ಏನು ಬೇಕಾದರೂ ಕೊಟ್ಟಾನು.

ಅವನ ಕಣ್ಣೀರು ಮೂಗಿನ ತುದಿಯಿಂದ ಮೆಟ್ಟಿಲ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಲಿಲ್ಲ. ಕಣ್ಣು ಮಬ್ಬಾದರೆ ಹಿಂದಿನವರು ಜಾರುತ್ತಾರೆ ಎಂದು ರೆಪ್ಪೆ ಬಡಿದು ಬಡಿದು ದಾರಿ ನೋಡಿದ.

ನೀರಿನ ಹತ್ತಿರ ಬಂದರು.

"ತಣ್ಣಗಿದೆಯಾ?" ಎಂದು ಕೇಳಿದರು ಅಯ್ಯನವರು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೀರಿನ ಮುಂದೆ ನಿಂತವರು ಇನ್ನೇನು ಕೇಳುತ್ತಾರೆ?

"ಇಲ್ಲ," ಎಂದ ರಾಚಪ್ಪ. ಅಳುತ್ತಲೇ ನಕ್ಕ. "ಬೆಚ್ಚಗಿದೆ. ಬಾ."

ಇಬ್ಬರೂ ಮಿಂದರು. ಅಯ್ಯನವರು ನಡುಗುತ್ತಾ ನಡುಗುತ್ತಾ, "ಎಂಥ ಸುಳ್ಳ ನೀನು!" ಎಂದು ಬೈದರು. ಆಮೇಲೆ ಕಣ್ಣು ಬಿಟ್ಟುಕೊಂಡು ತಾವೊಬ್ಬರೇ ಪಕ್ಕಕ್ಕೆ ಸರಿದು ಮೇಲೆ ಹೋದರು.

ರಾಚಪ್ಪ ನೀರಿನ ಅಂಚಿನಲ್ಲಿ ಒಬ್ಬನೇ ನಿಂತ. ಹಿಂದಕ್ಕೆ ತಿರುಗಲಿಲ್ಲ. ಎಡಗೈ ಹಿಂದಕ್ಕೆ ಚಾಚಿದ.

"ಬಾ ಅವ್ವಾ," ಎಂದ. "ಎಡೆ ಇಟ್ಟಿದೆ."

ಒಂದೊಂದೇ ಮೆಟ್ಟಿಲು ಹತ್ತಿದ. ಪಾಚಿ ಇರುವಲ್ಲಿ ಪಾಚಿ ಎಂದ, ಮುರಿದ ಕಡೆ ಮುರಿದಿದೆ ಎಂದ. ಆಲದ ಬೇರಿನ ಹತ್ತಿರ ನಿಂತು, ಇಲ್ಲಿ ಬೇರು ಅಡ್ಡ ಇದೆ ಎತ್ತಿ ಇಡು, ಎಂದ. ಅಂಗಳದಲ್ಲಿ ಬೆಳ್ಳಯ್ಯ ಇದ್ದರು. ಅವನ ಖಾಲಿ ಕೈಯನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು.

ಬಾಗಿಲಲ್ಲಿ ಚಿಕ್ಕತಾಯಮ್ಮ ನಿಂತಿದ್ದಳು. ಇಷ್ಟು ದಿನ ಕರು ಎಳೆದುಕೊಂಡು ಹೋಗುತ್ತೀಯ ಎಂದು ನಕ್ಕವಳು. ಅವಳಿಗೆ ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ರಾಚಪ್ಪನ ಹಿಂದಿನ ಖಾಲಿ ಜಾಗ ನೋಡಿಕೊಂಡು, ನೆಂಟರನ್ನು ಕರೆಯುವ ಹಾಗೆ ಹೇಳಿದಳು.

"ಬಾ ತಾಯಿ, ಹೊಸಲು ಇದೆ, ಹುಷಾರು. ತಲೆ ಬಗ್ಗಿಸು. ಬಾಗಿಲು ಗಿಡ್ಡ."

ರಾಚಪ್ಪ ಅವ್ವನನ್ನು ಮಣೆಯ ಮುಂದೆ ಕರೆತಂದು ಕೂರಿಸಿದ. ರೊಟ್ಟಿ ಯಾವ ಕಡೆ, ಚಟ್ನಿ ಯಾವ ಕಡೆ, ಕಜ್ಜಾಯ ಯಾವ ಕಡೆ ಎಂದು ಒಂದೊಂದನ್ನೂ ಎಲೆಯ ಮೇಲೆ ಬೆರಳಿಟ್ಟು ಹೇಳಿದ. ಮನೆಯಲ್ಲಿ ದಿನವೂ ಹೇಳುತ್ತಿದ್ದ ಹಾಗೆಯೇ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಕಾದರು.

ಮಧ್ಯಾಹ್ನ ಊಟವೆಲ್ಲ ಆಗಿ, ಅಯ್ಯನವರು ಬೆಂಚಿನ ತುದಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ರಾಚಪ್ಪ ಬಂದು ಕೆಳಗೆ ಕೂತ.

"ಬಂದಳಾ?"

"ಬಂದಳು ಬುದ್ಧಿ. ಬಂದದ್ದು ನನಗೆ ಗೊತ್ತಾಯ್ತು. ಅಂಗೈಯಲ್ಲಿ ಇನ್ನೂ ಇದ್ದಾಳೆ."

"ಮತ್ತೇಕೆ ಹೀಗೆ ಕೂತಿದ್ದೀಯ?"

ರಾಚಪ್ಪ ನೆಲದ ಮೇಲೆ ಬಿದ್ದಿದ್ದ ಎಲೆಯೊಂದನ್ನು ಎತ್ತಿಕೊಂಡು ಚೂರು ಮಾಡಿದ.

"ಎಲ್ಲ ಬಂತು. ಮುಖ ಮಾತ್ರ ಬರಲೇ ಇಲ್ಲ. ಪಟದವಳು ಇವತ್ತು ಬರಲಿಲ್ಲ, ನಿಜ. ಆದರೆ ಆ ಜಾಗದಲ್ಲಿ ಅವ್ವನ ಮುಖವೂ ಇಲ್ಲ. ಖಾಲಿ. ಅಷ್ಟು ವರ್ಷ ಜೊತೆಗಿದ್ದೆ ಬುದ್ಧಿ. ದಿನಾ ಕೈ ಹಿಡ್ಕೊಂಡು ಓಡಾಡಿದೆ. ಹೆತ್ತ ತಾಯಿ ಮುಖ ಸರಿಯಾಗಿ ನೋಡ್ಕೊಳ್ಳದೆ ಕಳೆದುಬಿಟ್ಟೆನಲ್ಲ. ನಾನೆಂಥ ಮಗ?"

ಅಯ್ಯನವರು ಹೊಳೆಯ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಗಿನವರೆಗೆ ಒಂದು ಸಲ ನೋಡಿದರು. ಆಮೇಲೆ ಬಗ್ಗಿ ರಾಚಪ್ಪನ ತಲೆಯ ಮೇಲೆ ಕೈ ಇಟ್ಟರು.

"ನೀನು ಅವಳ ಮುಖ ನೋಡ್ತಾ ನಿಂತಿದ್ದರೆ ಮಗ, ಅವಳು ಯಾವತ್ತೋ ಬಿದ್ದುಬಿಡ್ತಿದ್ದಳು."